ಕಂಬಳಿ ಸುಟ್ಟ ನೀಲಿ ಬೆಳಕು

ಪುಷ್ಯ ಮಾಸದ ಚಳಿ. ಸೋಮವಾರ. ಹೊತ್ತು ಮುಳುಗಿತ್ತು, ಇನ್ನೂ ಕತ್ತಲಾಗಿರಲಿಲ್ಲ. ಹೊನ್ನಾಳಿಯಿಂದ ನ್ಯಾಮತಿಗೆ ಹೊರಟಿದ್ದ ಬಸ್ಸು ಹಿರೇಮರಡಿ ತಿರುವಿನಲ್ಲಿ ಕಾಲುವೆಗೆ ಬಿದ್ದದ್ದು ಆಗ. ಕಂಡಕ್ಟರ್ ಕಲ್ಲೇಶ್ ಸತ್ತ. ಡ್ರೈವರ್ ಓಬಣ್ಣ ಬದುಕಿದ. "ನೀಲಿ ಬೆಳಕು ಕಣ್ಣಿಗೆ ಹೊಡೀತು" ಎಂಬ ಅವನ ಮಾತನ್ನು ಇಡೀ ಠಾಣೆಯಲ್ಲಿ ನಂಬಿದ್ದು ಒಂದೇ ಜೀವ, ಸಬ್ ಇನ್‌ಸ್ಪೆಕ್ಟರ್ ಅರ್ಪಿತಾ.

ಆ ಅರ್ಪಿತಾ ಈಗ, ಅದಾದ ಮೂರನೆಯ ಬೆಳಗಿನ ಎಳೆಬಿಸಿಲಲ್ಲಿ, ಭತ್ತ ಕೊಯ್ದ ಗದ್ದೆಯೊಳಗೆ ಒಬ್ಬ ಕುರಿಗಾರನ ಮುಂದೆ ನಿಂತು ಕಂಬಳಿ ಬೇಡುತ್ತಿದ್ದಳು.

"ಕೊಡಾಕಿಲ್ಲ ಬಿಡವ್ವ," ಅಂದ ಮೈಲಾರಪ್ಪ. "ಹೆಂಡ್ತಿ ಕೇಳಿದ್ರೇ ಕೊಟ್ಟೋನಲ್ಲ. ಪೊಲೀಸ್ನೋರಿಗೆ ಕೊಡ್ತೀನಾ?"

"ನೋಡಾಕೆ ಕೇಳಿದ್ದು ಅಜ್ಜಾ, ಹೊದ್ಕೊಳ್ಳಾಕಲ್ಲ."

"ನೋಡಾಕೆ ಕಣ್ಣು ಸಾಕಲ್ಲ, ಕೈ ಯಾಕೆ ಚಾಚ್ತೀಯ?"

ಮೈಲಾರಪ್ಪ ಬಿಳಿಚೋಡಿನವನು. ಸುಗ್ಗಿ ಮುಗಿಯುತ್ತಲೇ ಜಗಳೂರಿನ ಒಣಸೀಮೆ ಬಿಟ್ಟು, ಕುರಿ ಹೊಡೆದುಕೊಂಡು ಈ ನೀರಾವರಿ ಗದ್ದೆಗಳಿಗೆ ಬರುವುದು ಅವನ ಅಪ್ಪನ ಕಾಲದಿಂದ ನಡೆದು ಬಂದದ್ದು. ಹಗಲು ಮೇಯಿಸುವುದು, ರಾತ್ರಿ ಗದ್ದೆಯಲ್ಲಿ ಕುರಿ ಒಂದೆಡೆ ಕೂಡಿಹಾಕಿ ತರುಬುವುದು. ಹಿಕ್ಕೆ ಗದ್ದೆಗೆ, ಕಾಳು ಕುರಿಗಾರನಿಗೆ. ಆ ಸಂಜೆ ತಿರುವಿನಲ್ಲಿ ಕುರಿ ದಾಟಿಸುತ್ತಿದ್ದವನು ಅವನೇ. ಬಸ್ಸಿನ ಕಿಟಕಿಯಿಂದ ಮೊದಲು ಜನರನ್ನು ಎಳೆದವನೂ ಅವನೇ. ಆದರೆ ಅವನನ್ನು ಯಾರೂ ಏನನ್ನೂ ಕೇಳಿರಲಿಲ್ಲ.

ರಸ್ತೆಯ ಮೇಲೆ ಜೀಪಿಗೆ ಒರಗಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಪ್ರಸನ್ನಕುಮಾರ್ ಅಲ್ಲಿಂದಲೇ ಕೂಗಿದ. "ಮೇಡಂ, ಬರ್ರಿ ಹೋಗಾನ! ಕುರಿ ಸಾಕ್ಷಿ ಹೇಳ್ತಾವಾ?"

ಅರ್ಪಿತಾ ತಿರುಗಿ ನೋಡಲಿಲ್ಲ.

"ಯಾವೂರವ್ವ ನಿಂದು?" ಮೈಲಾರಪ್ಪ ಕೇಳಿದ.

"ಸೊಕ್ಕೆ. ಭೀಮಕ್ಕನ ಮಗಳು."

"ಅಯ್ಯ, ನಮ್ಮ ಕಡೇಳು! ಮೊದ್ಲೇ ಅಂದಿದ್ರೆ ಇಷ್ಟೊತ್ತು ನಿಲ್ಲಿಸ್ತಿದ್ನಾ?" ಮುದುಕ ಕಂಬಳಿ ತೆಗೆದು ಭತ್ತದ ಕೂಳೆಯ ಮೇಲೆ ಹಾಸಿದ. "ನೋಡು. ನುಸಿ ತಿಂದೈತೆ, ಅಷ್ಟೇ."

ಕರಿಕಂಬಳಿಯಲ್ಲಿ ಅಲ್ಲಲ್ಲಿ ಜೋಳದ ಕಾಳಿನಷ್ಟು ತೂತು. ಒಂದು ಈ ಅಂಚಿನಲ್ಲಿ, ಎರಡು ನಡುವೆ, ಮತ್ತೊಂದು ದೂರದ ಮೂಲೆಯಲ್ಲಿ. ಗೊತ್ತು ಗುರಿ ಇಲ್ಲ.

ಅರ್ಪಿತಾ ಮೊಣಕಾಲೂರಿ ಕೂತು ಒಂದು ತೂತಿನ ಅಂಚನ್ನು ಬೆರಳಲ್ಲಿ ಉಜ್ಜಿದಳು. ನುಸಿ ತಿಂದರೆ ಉಣ್ಣೆ ಕತ್ತರಿಸಿದ ಹಾಗೆ ಇರುತ್ತದೆ. ಇಲ್ಲಿ ಅಂಚೆಲ್ಲ ಗಂಟುಗಟ್ಟಿ ಕರಕಲಾಗಿತ್ತು. ಮೂಸಿದಳು. ಕೂದಲು ಸುಟ್ಟ ನಾತ ಇನ್ನೂ ಹೋಗಿರಲಿಲ್ಲ.

"ಬೀಡಿ ಕಿಡಿ ಬಿತ್ತಾ ಅಜ್ಜಾ?"

"ಬೀಡಿ ಬಿಟ್ಟೀನಿ. ಡಾಕ್ಟ್ರು ಎದೆ ಫೋಟೋ ತೋರ್ಸಿ ಹೆದರಿಸ್ಬಿಟ್ಟ."

"ಆವತ್ತು ಸಂಜೆ ಇದನ್ನ ಹೆಂಗೆ ಹೊದ್ದಿದ್ರಿ?"

"ಹೆಂಗಂದ್ರೆ? ಚಳಿ. ಕೊಪ್ಪೆ ಹಾಕ್ಕಂಡಿದ್ದೆ."

ಅರ್ಪಿತಾಳ ಕೈ ತಡೆಯಿತು. ಸೊಕ್ಕೆಯಲ್ಲಿ ಅವಳ ತಾತನೂ ಕೊಪ್ಪೆ ಹಾಕುತ್ತಿದ್ದ. ತುದಿ ಮಡಚಿ, ಮೂಲೆಗೆ ಮೂಲೆ ಸೇರಿಸಿ, ತಲೆಗೆ ಗೂಡಿನ ಹಾಗೆ ಏರಿಸಿ, ಉಳಿದದ್ದನ್ನು ಬೆನ್ನಿಗೆ ಇಳಿಬಿಡುವುದು. ಹಾಸಿದ ಕಂಬಳಿಯಲ್ಲಿ ಎಲ್ಲೋ ಇದ್ದ ಮೂಲೆ ಆಗ ಇನ್ನೆಲ್ಲೋ ಬಂದು ಕೂರುತ್ತದೆ.

"ಈಗ ಹಾಕ್ಕೊಳ್ರಿ. ಆವತ್ತಿನ ಹಂಗೇ."

ಮೈಲಾರಪ್ಪ ಗೊಣಗುತ್ತ ಮಡಚಿ ತಲೆಗೇರಿಸಿಕೊಂಡ.

"ಹಿಂದಕ್ಕೆ ತಿರುಗ್ರಿ."

ಚೆಲ್ಲಾಪಿಲ್ಲಿಯಾಗಿದ್ದ ತೂತುಗಳೆಲ್ಲ ಒಂದರ ಮೇಲೊಂದು ಬಂದು ನಿಂತವು. ಸೊಂಟದಿಂದ ನೆತ್ತಿಯವರೆಗೆ ಒಂದೇ ಗೆರೆ. ಯಾರೋ ಮೆಟ್ಟಿಲು ಹತ್ತಿದ ಹಾಗೆ, ನಿಂತು ನಿಂತು ಏರಿದ ಗೆರೆ. ಬೆಳಕನ್ನು ಹೊಗೆ ಬರುವ ತನಕ ಒಂದು ಕಡೆ ಹಿಡಿಯುವುದು, ಆಮೇಲೆ ಮೇಲಕ್ಕೆ. ಮತ್ತೆ ಹಿಡಿಯುವುದು, ಮತ್ತೆ ಮೇಲಕ್ಕೆ.

ಕೊನೆಯ ತೂತು ಕೊಪ್ಪೆಯ ತುದಿಯಲ್ಲಿತ್ತು. ಅದರ ಮೇಲೆ ಆಕಾಶ. ಆ ಸಂಜೆ ಅಲ್ಲಿ ಆಕಾಶ ಇರಲಿಲ್ಲ, ಬಸ್ಸಿನ ಮುಂಗಾಜು ಇತ್ತು.

"ಬೆನ್ನಿಗೆ ಏನೂ ಅನ್ನಿಸ್ಲಿಲ್ವಾ ಅಜ್ಜಾ?"

"ಕೆಂಜಿರುವೆ ಕಡಿದಂಗಾತು. ಬಸ್ಸಿಗೆ ಕೈ ಅಡ್ಡ ಹಿಡಿದಿದ್ದೆ, ಕೆರ್ಕೊಳ್ಳಾಕೆ ಪುರುಸೊತ್ತೆಲ್ಲಿ?" ಅಂದವನು ಅವಳ ಮುಖ ನೋಡಿ ಮಾತು ನಿಲ್ಲಿಸಿದ. "ಯಾಕವ್ವ? ಏನದು?"

"ಯಾರೋ ನಿಮ್ಮ ಬೆನ್ನ ಮೇಲೆ ಆಟ ಆಡ್ಯಾರೆ."

ಅವನನ್ನು ತಿರುವಿಗೆ ಕರೆದುಕೊಂಡು ಹೋಗಿ ಆವತ್ತು ನಿಂತಲ್ಲೇ ನಿಲ್ಲಿಸಿದಳು. ಮುಖ ಹೊನ್ನಾಳಿಯ ಕಡೆಗೆ, ಬಸ್ಸು ಬರುವ ದಿಕ್ಕಿಗೆ. ತಾನು ಅವನ ಬೆನ್ನಿಗೆ ಬೆನ್ನು ಕೊಟ್ಟು ಎದುರಿಗೆ ನೋಡಿದಳು.

ಕಲ್ಲೆಸೆದರೆ ಬೀಳುವಷ್ಟು ಹತ್ತಿರದಲ್ಲಿ ಹಳದಿ ಬಣ್ಣದ ತಾರಸಿ ಮನೆ. ಅಡಿಕೆ ವ್ಯಾಪಾರಿ ಮಹೇಶ್ವರಪ್ಪನದು. "ಡ್ರೈವರ್ ತೂಕಡಿಸುತ್ತಿದ್ದ, ನನ್ನ ಗೇಟಿನಲ್ಲಿ ನಿಂತು ಕಣ್ಣಾರೆ ಕಂಡೆ" ಎಂದು ಹೇಳಿಕೆ ಕೊಟ್ಟವನು ಅವನೇ.

ಮೊದಲು ಅವಳ ಅನುಮಾನ ಹೋಗಿದ್ದು ತಿರುವಿನ ಆಚೆಯ ವೆಲ್ಡಿಂಗ್ ಅಂಗಡಿಯ ಮೇಲೆ. ಅಲ್ಲಿ ಕೈಯಲ್ಲಿ ಹಿಡಿಯುವ ಹೊಸ ಲೇಸರ್ ಗನ್ನು ಬಂದಿತ್ತು. ಆದರೆ ಅದರ ಬೆಳಕು ಕಣ್ಣಿಗೇ ಕಾಣದು, ಮೂತಿ ಕಬ್ಬಿಣಕ್ಕೆ ತಾಗದಿದ್ದರೆ ಅದು ಹತ್ತುವುದೂ ಇಲ್ಲ. ಓಬಣ್ಣ ಕಂಡದ್ದು ನೀಲಿ.

ದಾವಣಗೆರೆ ಆಸ್ಪತ್ರೆಯಲ್ಲಿ ಅವನು ಪೊಲೀಸ್ ಕಾವಲಿನಲ್ಲಿ ಮಲಗಿದ್ದ. ಬಲಗಣ್ಣಿನ ಒಳಪರದೆಯ ಸರಿಯಾಗಿ ನಡುವೆ ಸುಟ್ಟ ಗಾಯ ಎಂದಿದ್ದರು ಕಣ್ಣಿನ ಡಾಕ್ಟರು. "ಮೇಡಮ್ಮೋರೆ, ಈ ಕಣ್ಣಾಗೆ ನಿಮ್ಮ ಕಿವಿ ಕಾಣ್ತಾವೆ, ಟೋಪಿ ಕಾಣುತ್ತೆ, ಮುಖ ಇರೋ ಕಡೆ ಮಾತ್ರ ಕತ್ತಲು," ಎಂದಿದ್ದ ಓಬಣ್ಣ. "ಜೈಲಿಗೆ ಹಾಕ್ರಿ, ಹೋಗ್ತೀನಿ. ತೂಕಡಿಸಿದೆ ಅಂತ ಮಾತ್ರ ಬರೀಬ್ಯಾಡ್ರಿ. ಕಲ್ಲೇಶಿ ನನ್ನ ನಂಬಿ ಬಾಗಿಲಾಗೆ ನಿಂತಿದ್ದ."

ಜೇಬಿನಲ್ಲಿ ಫೋನು ಗುರುಗುಟ್ಟಿತು. ಮೇಲಧಿಕಾರಿ.

"ಏನಮ್ಮ, ಆ ಬಸ್ಸಿನ ಫೈಲು? ನಾಳೆ ನನ್ನ ಟೇಬಲ್ ಮೇಲಿರಬೇಕು. ಚಾಲಕನ ನಿರ್ಲಕ್ಷ್ಯ ಅಂತ ಬರೆದು ಮುಗಿಸು."

"ನಿರ್ಲಕ್ಷ್ಯ ಅಲ್ಲ ಸರ್. ಬರೆಯಲ್ಲ."

"ನೀನು ಬರೆಯದಿದ್ರೆ ಬರೆಯೋರಿಗೆ ಕೊಡ್ತೀನಿ."

"ಕೊಡಿ ಸರ್. ಇವತ್ತು ಇನ್ನೂ ನನ್ನತ್ರ ಐತೆ."

ಫೋನು ಜೇಬಿಗೆ ಹಾಕಿದಳು. ನಾಳೆ ಇನ್ನೊಬ್ಬರು ಬರೆದರೆ ಓಬಣ್ಣನಿಗೆ ಐದು ವರ್ಷದವರೆಗೆ ಜೈಲಾಗಬಹುದು. ಹೊರಗೆ ಬಂದ ಮೇಲೂ ಊರ ಬಾಯಲ್ಲಿ ಅವನು ನಿದ್ದೆಗಣ್ಣಲ್ಲಿ ಗೆಳೆಯನನ್ನು ಕೊಂದವನೇ.

"ಅಜ್ಜಾ, ಈ ಕಂಬಳಿ ಸಾಕ್ಷಿ. ನನಗೆ ಬೇಕೇ ಬೇಕು."

"ಕಂಬಳಿ ಬೇಕಂದ್ರೆ ನಾನೂ ಬರ್ತೀನಿ," ಅಂದ ಮೈಲಾರಪ್ಪ, ಕೊಪ್ಪೆ ಸರಿಮಾಡಿಕೊಂಡು. "ನನ್ನ ಬೆನ್ನು ಸುಟ್ಟೋನ ಮುಖಾನೂ ನೋಡ್ಬೇಕಲ್ಲ."

ಪ್ರಸನ್ನಕುಮಾರನಿಗೆ ಮನೆ ತೋರಿಸಿದಾಗ ಅವನು ತಲೆ ಕೆರೆದುಕೊಂಡ. "ದೊಡ್ಡ ಮನುಷ್ಯರು ಮೇಡಂ. ಈ ಹೊಸಿಲು ನಾನು ಒಂದಿನಾನೂ ತುಳಿದೋನಲ್ಲ. ನೀವು ಹೋಗ್ಬರ್ರಿ, ನಾನು ಗಾಡಿ ತಿರುಗಿಸ್ಕೊಂಡಿರ್ತೀನಿ."

ಮಹೇಶ್ವರಪ್ಪ ಜಗಲಿಯ ಕುರ್ಚಿಯಿಂದ ಏಳಲಿಲ್ಲ. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

"ಏನ್ ತಾಯಿ, ಬೆಳ್ಳಂಬೆಳಿಗ್ಗೆ ಪೊಲೀಸು, ಕುರಿಗಾರ, ಮೆರವಣಿಗೆ? ನನ್ನ ಹೇಳಿಕೆ ಆವತ್ತೇ ಕೊಟ್ಟೀನಲ್ಲ."

"ನಿಮ್ಮ ತಾರಸಿ ನೋಡ್ಬೇಕಿತ್ತು ಯಜಮಾನ್ರೆ."

ಅವನು ಅವಳನ್ನು ಬೂಟಿನಿಂದ ಟೋಪಿಯವರೆಗೆ ನಿಧಾನವಾಗಿ ನೋಡಿದ. "ಸೊಕ್ಕೆ ಭೀಮಕ್ಕನ ಮಗಳಲ್ವಾ ನೀವು? ನಿಮ್ಮೋರು ಈಗ ಮ್ಯಾಲೆ ಬಂದೀರಿ. ಸಂತೋಷ."

"ತಾರಸಿ ಮ್ಯಾಲೂ ಬರ್ತೀನಿ. ಮೆಟ್ಲು ಯಾವ ಕಡೆ?"

ಮೈಲಾರಪ್ಪ ಕೊಪ್ಪೆಯೊಳಗೆ ಕಿಸಕ್ಕನೆ ನಕ್ಕ.

ಮೇಲೆ ಬೇಯಿಸಿದ ಅಡಿಕೆ ಹರಡಿತ್ತು. ಅದರ ಮೇಲೆ ಕೋತಿಗಳಿಗೆ ಅಡ್ಡವಾಗಿ ಕಟ್ಟಿದ ಬಲೆ. ಮೂಲೆಯಲ್ಲಿ ಕರಿ ಪ್ಲಾಸ್ಟಿಕ್ಕಿನ ನೀರಿನ ತೊಟ್ಟಿ. ಅರ್ಪಿತಾ ಅದರ ಸುತ್ತ ಬಂದಳು, ಅಂಗೈಯಿಂದ ಸವರಿದಳು. ಒಂದು ಮಗ್ಗುಲಲ್ಲಿ ಸಿಡುಬಿನ ಕಲೆಯ ಹಾಗೆ ಕರಗಿದ ಗುಳಿಗಳು. ಪಕ್ಕದ ಸುಣ್ಣದ ಗೋಡೆಯಲ್ಲಿ ಒಂದು ಗೀರೂ ಇಲ್ಲ.

ಬಿಳಿಯದು ಬೆಳಕನ್ನು ಹಿಂದಕ್ಕೆ ತಳ್ಳುತ್ತದೆ, ಕರಿಯದು ನುಂಗಿಕೊಂಡು ಸುಡುತ್ತದೆ. ಹಿಡಿದವನಿಗೆ ಅದು ಗೊತ್ತಿತ್ತು. ತೊಟ್ಟಿಯಲ್ಲಿ ಕೈ ಪಳಗಿಸಿದ ಮೇಲೆ ಅವನಿಗೆ ಕಂಡ ಕರಿಯದು ಒಂದು ಕಂಬಳಿ.

ತೊಟ್ಟಿಯ ಅಡಿಯಲ್ಲಿ, ಸೆಣಬಿನ ಹುರಿಗಳ ನಡುವೆ ಒಂದು ಉದ್ದನೆಯ ಡಬ್ಬಿ ಸಿಕ್ಕಿತು. ಒಳಗೆ ಬ್ಯಾಟರಿ ದೀಪದ ಆಕಾರದ ತಗ್ಗು. ದೀಪ ಇಲ್ಲ.

"ಇದರಾಗಿದ್ದದ್ದು ಎಲ್ಲಿ?"

"ಅದಾ? ಮಗ ವಿನಯ್ ತಂದಿದ್ದು, ಚನ್ನಗಿರಿಯಾಗೆ, ಮೊಬೈಲ್ ಅಂಗಡೀಲಿ," ಅಂದ ಮಹೇಶ್ವರಪ್ಪ. "ಕೋತಿ ಓಡ್ಸಾಕೆ."

"ನೀರಿನ ತೊಟ್ಟಿ ಯಾವಾಗ ಕೋತಿ ಆತು?"

"ಮಕ್ಕಳ ಆಟಿಗೆ ಮೇಡಂ ಅದು. ಡಬ್ಬಿ ಮ್ಯಾಲೆ ಬರ್ದೈತೆ, ಓದ್ರಿ. ಓದಾಕೆ ಬರುತ್ತಲ್ಲ?"

ಡಬ್ಬಿಯ ಮೇಲೆ ಹಳದಿ ಚೀಟಿ. 'ಲೇಸರ್, ಐದು ಮಿಲಿವ್ಯಾಟ್‌ಗಿಂತ ಕಡಿಮೆ' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು.

"ಬರುತ್ತೆ ಯಜಮಾನ್ರೆ. ಸುಳ್ಳು ಬರ್ದಿದ್ರೆ ಅದೂ ತಿಳಿಯುತ್ತೆ. ಐದು ಮಿಲಿವ್ಯಾಟ್ ಅಂದ್ರೆ ಮೇಷ್ಟ್ರು ಗೋಡೆ ಮ್ಯಾಲೆ ಚುಕ್ಕೆ ತೋರ್ಸೋ ಕಡ್ಡಿ. ಅದ್ರಿಂದ ಒಂದು ಕೂದ್ಲೂ ಸುಡಲ್ಲ. ಪ್ಲಾಸ್ಟಿಕ್ ಕರಗ್ಬೇಕಂದ್ರೆ ಅದ್ರ ನೂರಾರು ಪಟ್ಟು ಇರ್ಬೇಕು."

"ಇರ್ಲಿ. ಇಲ್ಲಿಂದ ಅಲ್ಲಿಗೆ, ಗಾಜಿನ ಒಳಗೆ ಕೂತೋನ ಕಣ್ಣು ಸುಡುತ್ತಾ? ಯಾರಿಗೆ ಕಥೆ ಹೇಳ್ತೀರಿ?"

"ಬಿಸಿಲು ಗಾಜು ದಾಟಲ್ವಾ? ಮಾಮೂಲಿ ಬ್ಯಾಟ್ರಿ ಬೆಳಕು ದೂರ ಹೋದಂಗೆ ಹರಡುತ್ತೆ. ಇದು ಸೂಜಿ ಹಂಗೆ ಹೋಗುತ್ತೆ. ಕಂಬಳಿಗಾದ್ರೆ ಹೊಗೆ ಬರಾಕೆ ಸ್ವಲ್ಪ ಹೊತ್ತು ಹಿಡೀಬೇಕು. ಕಣ್ಣಿಗೆ ಹಂಗಲ್ಲ. ಕಣ್ಣಾಗಿರೋ ಮಸೂರ ಆ ಬೆಳಕನ್ನೆಲ್ಲ ಒಂದೇ ಕಡೆ ಕೂಡಿಸ್ಬಿಡುತ್ತೆ. ರೆಪ್ಪೆ ಮುಚ್ಚೋದ್ರೊಳಗೆ ಕೆಲಸ ಮುಗಿದಿರುತ್ತೆ."

ಮಹೇಶ್ವರಪ್ಪ ಕಟ್ಟೆಗೆ ಒರಗಿದ. ಅವನ ದನಿಗೆ ಈಗ ಅಂಗಡಿಯಲ್ಲಿ ಚೌಕಾಸಿ ಮಾಡುವವನ ನಿಧಾನ ಬಂತು. "ಆತು. ನನ್ನತ್ರ ಬಂದೂಕ ಐತೆ, ಅದಕ್ಕೆ ಲೈಸೆನ್ಸೂ ಐತೆ. ಈ ದೀಪಕ್ಕೆ ಲೈಸೆನ್ಸ್ ತಗೋ ಅಂತ ಯಾವ ಸರ್ಕಾರ ಬರ್ದೈತೆ? ತೋರ್ಸ್ರಿ. ತೋರ್ಸಿದ್ರೆ ಈಗ್ಲೇ ಜೀಪ್ ಹತ್ತುತೀನಿ."

ಅರ್ಪಿತಾ ಡಬ್ಬಿಯನ್ನು ತಿರುಗಿಸಿ ಮತ್ತೆ ಚೀಟಿ ನೋಡಿದಳು. ಅವನು ಹೇಳಿದ್ದನ್ನು ತಳ್ಳಿಹಾಕುವಂತಿರಲಿಲ್ಲ. ಎರಡು ದಿನದಿಂದ ಅವಳು ಅದನ್ನೇ ಹುಡುಕಿದ್ದಳು. ವಿಮಾನ ಇಳಿಯುವ ಕಡೆ ಇಂಥ ಬೆಳಕು ಬಿಡಬಾರದೆಂಬ ನಿಯಮ ಸಿಕ್ಕಿತ್ತು. ಎಷ್ಟು ಶಕ್ತಿಯದು ಎಂದು ಸಾಮಾನಿನ ಮೇಲೆ ಬರೆಯಬೇಕೆಂಬ ಮಾನದಂಡ ಸಿಕ್ಕಿತ್ತು. ಬಂದೂಕಿನ ಹಾಗೆ ಇಟ್ಟುಕೊಂಡವನ ಕೈಯಲ್ಲಿ ಪರವಾನಗಿ ಕೇಳುವ ಒಂದು ಸಾಲು ಮಾತ್ರ ಅವಳಿಗೆ ಸಿಕ್ಕಿರಲಿಲ್ಲ.

"ಯಾಕೆ, ಬಾಯಿ ಕಟ್ಟಿತಾ?"

"ಕಲ್ಲಿಗೂ ಲೈಸೆನ್ಸ್ ಇಲ್ಲ ಯಜಮಾನ್ರೆ," ಅಂದಳು. "ಓಡೋ ಬಸ್ಸಿಗೆ ಒಂದು ಎಸೆದು ನ್ವಾಡ್ರಿ, ಕೇಸು ಐತೋ ಇಲ್ವೋ ಗೊತ್ತಾಗುತ್ತೆ. ಇನ್ನೊಬ್ರ ಜೀವಕ್ಕೆ ಕುತ್ತು ತಂದ ಕೈಗೆ ಕಾನೂನು ಐತೆ. ಆ ಕೈಯಾಗೆ ಏನಿತ್ತು ಅನ್ನೋದನ್ನ ಕಾನೂನು ಆಮೇಲೆ ಕೇಳುತ್ತೆ."

"ಯಾರ ಕೈ? ಗಾಳಿ ಕೈಯಾ?"

"ಈ ತಾರಸಿ ಮ್ಯಾಲಿದ್ದ ಕೈ. ಅಜ್ಜಾ, ತಿರುಗ್ರಿ."

ಮೈಲಾರಪ್ಪ ಬೆನ್ನು ತೋರಿಸಿದ. ಬಿಸಿಲು ಕೊಪ್ಪೆಯ ತೂತುಗಳಲ್ಲಿ ಇಳಿದು ಅವನ ಬಿಳಿ ಅಂಗಿಯ ಮೇಲೆ ಒಂದೇ ಸಾಲಿನಲ್ಲಿ ಕೂತಿತು. ಮಹೇಶ್ವರಪ್ಪ ನೋಡಿದ. ಅವನ ಕಣ್ಣು ಸಾಲಿನ ಬುಡದಿಂದ ತುದಿಗೆ ಹೋಗಿ, ಅಲ್ಲಿಂದ ತಾನಾಗಿಯೇ ರಸ್ತೆಗೆ ಹಾರಿತು. ಹಾರಿದ್ದು ತಿಳಿದು ಕೂಡಲೇ ತಲೆ ತಗ್ಗಿಸಿದ.

ಮೆಟ್ಟಿಲಲ್ಲಿ ಬಳೆ ಸದ್ದಾಯಿತು. ಮಹೇಶ್ವರಪ್ಪನ ಹೆಂಡತಿ ಕಸ್ತೂರಮ್ಮ ತಟ್ಟೆಯಲ್ಲಿ ಕಾಫಿ ತರುತ್ತಿದ್ದಳು. ಯಾರೇ ಬರಲಿ, ಯಾಕೇ ಬರಲಿ, ಹೊಸಿಲು ದಾಟಿದವರಿಗೆ ಕಾಫಿ ಕೊಡದೆ ಕಳಿಸುವ ಮನೆ ಅಲ್ಲ ಅದು.

"ತಗೋ ತಾಯಿ. ಅಜ್ಜಾ, ನೀನೂ ತಗೋ," ಅಂದಳು. "ಈ ಸಕ್ಕರೆ ಹಾಕದ್ದು ಹಂಗೇ ಇರ್ಲಿ, ಕೆಳಗೆ ಜೀಪಿನೋರಿಗೆ."

ಗಂಡ ಅವಳ ಕಡೆ ನೋಡಲೇ ಇಲ್ಲ. ಅವನ ಬುದ್ಧಿ ಬೇರೆ ಕಡೆ ಓಡುತ್ತಿತ್ತು. "ಮೇಡಂ, ದೀಪ ನನ್ನ ಮಗಂದು. ಹುಡುಗಾಟಕ್ಕೆ ಏನ್ ಮಾಡಿದ್ನೋ ನನಗೇನ್ ಗೊತ್ತು? ಅವನ್ನೇ ಕೇಳ್ಕೊಳ್ರಿ."

ಕಸ್ತೂರಮ್ಮನ ಕೈಯ ತಟ್ಟೆ ಕಟ್ಟೆಯ ಮೇಲೆ ದಡ್ಡನೆ ಕೂತಿತು.

"ಏನಂದ್ರಿ?"

"ನೀನು ಒಳಗೆ ನಡಿ."

"ನಡಿಯಲ್ಲ. ಹೆತ್ತ ಮಗನ ಕೊರಳಿಗೆ ಕಟ್ಟಾಕೆ ನಿಂತ್ರಾ?" ಅವಳ ದನಿ ಏರಲಿಲ್ಲ, ಗಟ್ಟಿಯಾಯಿತು ಅಷ್ಟೆ. "ತಾಯಿ, ನನ್ನ ಮಗ ಶನಿವಾರವೇ ಹೋದ. ಸೊಸೆ ಶಿವಲೀಲಾಗೆ ನೋವು ಬಂತು ಅಂತ ಚನ್ನಗಿರಿ ಆಸ್ಪತ್ರೆಗೆ ಕರ್ಕೊಂಡು ಹೋದೋನು ಇನ್ನೂ ಬಂದಿಲ್ಲ. ಭಾನುವಾರ ಕೂಸು ಹುಟ್ಟೈತೆ. ನಾನಿನ್ನೂ ಅದರ ಮುಖ ನೋಡಿಲ್ಲ. ಇವ್ರು ನನ್ನ ಮನೆ ಬಿಟ್ಟು ಹೊರಡಾಕೆ ಬಿಟ್ಟಿಲ್ಲ. ಯಾಕಂತ ಈಗ ತಿಳೀತು."

"ಕಸ್ತೂರಿ!"

"ಹೊಡೀತೀರಾ? ಹೊಡೀರಿ. ಪೊಲೀಸ್ನೋರು ಮುಂದೇ ಅದಾರೆ."

ಮಹೇಶ್ವರಪ್ಪನ ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

"ಸೋಮವಾರ ಸಂಜೆ ಇಲ್ಲಿ ಯಾರಿದ್ರು ಅಮ್ಮ?" ಅರ್ಪಿತಾ ಮೆಲ್ಲಗೆ ಕೇಳಿದಳು.

"ಇಬ್ರು ಹತ್ತಿದ್ರು. ಇವ್ರೊಬ್ರು, ದೀಪ ನೋಡ್ಬೇಕಂತ ಬಂದೋರು ಇನ್ನೊಬ್ರು. ನಗೋದು ಕೇಳಿಸ್ತಿತ್ತು. ಆಮೇಲೆ ಬಸ್ಸು ಬಿದ್ದ ಸದ್ದು. ಯಾರ ಕೈಯಾಗೆ ದೀಪ ಇತ್ತೋ, ದೇವರಾಣೆ, ನಾನು ಕಂಡಿಲ್ಲ. ಮಾರನೇ ದಿನ ಬೆಳಿಗ್ಗೆ ಆ ಇನ್ನೊಬ್ರೇ ಬಂದು ಅದನ್ನ ಟವೆಲ್ನಾಗೆ ಸುತ್ಕೊಂಡು ಹೋದ್ರು."

"ಯಾರು?"

ಕಸ್ತೂರಮ್ಮ ಗಂಡನ ಮುಖ ನೋಡಿದಳು. ಇಷ್ಟೊತ್ತು ಬಂದ ಧೈರ್ಯ ಅಲ್ಲಿ ತಡವರಿಸಿತು.

ಅರ್ಪಿತಾಳ ಕಣ್ಣು ತಟ್ಟೆಯ ಮೇಲೆ ಬಿತ್ತು. ಅದರಲ್ಲಿ ಉಳಿದಿದ್ದದ್ದು ಒಂದೇ ಲೋಟ. ಸಕ್ಕರೆ ಹಾಕದ್ದು.

ಜೀಪಿನವನು ಈ ಮನೆಯ ಮುಂದೆ ಇಳಿದೂ ಇರಲಿಲ್ಲ, ಮಾತಾಡಿಯೂ ಇರಲಿಲ್ಲ. ಪ್ರಸನ್ನಕುಮಾರನಿಗೆ ಸಕ್ಕರೆ ಕಾಯಿಲೆ ಇರುವುದು ಅವಳಿಗೆ ಗೊತ್ತು, ಠಾಣೆಯವರಿಗೆ ಗೊತ್ತು. ಒಂದು ದಿನವೂ ಅವನು ಹೊಸಿಲು ತುಳಿಯದ ಮನೆಯವರಿಗೆ ಹೇಗೆ ಗೊತ್ತು?

"ಅಮ್ಮ, ಆವತ್ತು ಬಂದೋರಿಗೂ ಸಕ್ಕರೆ ಹಾಕದ ಕಾಫಿನೇ ಕೊಟ್ರಾ?"

ಕಸ್ತೂರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹೌದೆಂದು ತಲೆ ಆಡಿಸಿದಳು.

ಕಟ್ಟೆಯ ಕೆಳಗೇ ಜೀಪಿನಲ್ಲಿದ್ದವನಿಗೆ ಮಾತೆಲ್ಲ ಕೇಳಿಸಿರಬೇಕು, ಎಂಜಿನ್ ಗುರ್ ಎಂದಿತು.

"ಏ ತಾಯಿ!" ಕಟ್ಟೆಯಿಂದ ಬಗ್ಗಿ ನೋಡಿದ ಮೈಲಾರಪ್ಪ ಕೂಗಿದ. "ನಿನ್ನ ಗಾಡಿ ಹೊಂಟಿತಲ್ಲವ್ವ!"

ಅರ್ಪಿತಾ ಓಡಿ ಬಂದು ನೋಡಿದಳು. ಜೀಪು ಕುರಿಗಳ ನಡುವೆ ನುಗ್ಗಿ, ದೂಳೆಬ್ಬಿಸಿ, ತಿರುವು ದಾಟುತ್ತಿತ್ತು. ಠಾಣೆಯ ದಾರಿ ಹಿಡಿದಿರಲಿಲ್ಲ. ಹಿಡಿದದ್ದು ಹೊನ್ನಾಳಿಯ ದಾರಿ, ಅಲ್ಲಿಂದ ಮುಂದೆ ದಾವಣಗೆರೆ. ದಾವಣಗೆರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಓಬಣ್ಣ, ನೀಲಿ ಬೆಳಕು ಕಂಡೆನೆಂದು ಹೇಳುವವನು ಅವನೊಬ್ಬನೇ. ಅವನ ಬಾಗಿಲ ಕಾವಲಿಗೆ ಪೇದೆಯನ್ನು ಆರಿಸಿ ಹಾಕಿದ್ದವನು ಪ್ರಸನ್ನಕುಮಾರನೇ.

ಫೋನು ತೆಗೆದು ಆಸ್ಪತ್ರೆಯ ಕಾವಲಿನವನಿಗೆ ಕರೆ ಮಾಡಿದಳು. ಅದು ಹೊಡೆದುಕೊಳ್ಳುತ್ತಲೇ ಇತ್ತು. ಯಾರೂ ಎತ್ತಲಿಲ್ಲ.

ಪ್ರಸನ್ನಕುಮಾರ್ ಓಬಣ್ಣನ ಕಡೆಗೆ ಹೊರಟುಹೋಗಿದ್ದ.